ಬಹುವಚನದ ಬಾಗಿಲು

ಕೆಲವು ವರ್ಷಗಳ ಹಿಂದೆ ಮನೆಯ ಮಹಡಿ ಬಾಡಿಗೆಗೆ ಕೊಡೋಣ ಅಂತ ಗೇಟಿಗೆ ಬೋರ್ಡು ತೂಗುಹಾಕಿದ್ದೆ. ಮೂರನೇ ದಿನ ಸಂಜೆ ಒಬ್ಬರು ಬಂದರು. ಮೂವತ್ತೈದರ ಆಸುಪಾಸು, ಕೈಯಲ್ಲಿ ಹೆಲ್ಮೆಟ್ಟು, ಹಣೆಯ ಮೇಲೆ ಅದೇ ಹೆಲ್ಮೆಟ್ಟಿನ ಗೆರೆ. ಮೆಟ್ಟಿಲು ಹತ್ತಿಸಿ ಮಹಡಿ ತೋರಿಸಿದೆ. ಕಿಟಕಿಯ ಚಿಲಕ ಹಾಕಿ ತೆಗೆದು ನೋಡಿದರು, ನಲ್ಲಿ ತಿರುಗಿಸಿ ನೋಡಿದರು, ಗೋಡೆಗೆ ಮೊಳೆ ಹೊಡೆಯಬಹುದಾ ಅಂತ ಕೇಳಿದರು. ಮೊಳೆಗೆ ಅನುಮತಿ ಕೇಳುವ ಬಾಡಿಗೆದಾರರು ಸಿಗಬೇಕಾದರೆ ಪುಣ್ಯ ಮಾಡಿರಬೇಕು ಅಂದುಕೊಂಡೆ. ಕೆಳಗೆ ಬಂದ ಮೇಲೆ ಕುರ್ಚಿ ಎಳೆದು ಕೊಟ್ಟೆ, ಫ್ಯಾನು ಹಾಕಿದೆ. ಮಾತು ಮುಂಗಡದ ತನಕ ಬಂತು. "ಅಯ್ಯೋ, ಹೆಸರು ಕೇಳೋದೇ ಮರೆತೆ ನೋಡಿ" ಅಂದೆ. ಹೇಳಿದರು.

ಆಮೇಲೆ ಏನಾಯಿತು ಅನ್ನೋದನ್ನು ಎಷ್ಟೋ ಸಲ ಮನಸ್ಸಿನಲ್ಲಿ ಹಿಂದಕ್ಕೋಡಿಸಿ ನೋಡಿದ್ದೇನೆ. ಮುಖ ಗಂಟಿಕ್ಕಲಿಲ್ಲ. ದನಿ ಏರಲಿಲ್ಲ. ಏರುವುದಿರಲಿ, ಇನ್ನೂ ಮೆತ್ತಗಾಯಿತು. ಅಲ್ಲಿಯ ತನಕ "ಬನ್ನಿ, ಇಲ್ಲಿ ನೋಡಿ, ನಿಮ್ಮ ಮನೇಲಿ ಎಷ್ಟು ಜನ" ಅಂತ ಸಲೀಸಾಗಿ ಹರಟುತ್ತಿದ್ದ ಬಾಯಿಗೆ ಇದ್ದಕ್ಕಿದ್ದ ಹಾಗೆ "ತಾವು" ಬಂತು. "ತಾವು ದಯವಿಟ್ಟು ಬೇಜಾರು ಮಾಡ್ಕೋಬಾರದು. ನಿನ್ನೆ ಒಬ್ಬರು ನೋಡಿಕೊಂಡು ಹೋಗಿದ್ದಾರೆ, ನಾಳೆ ಹೇಳ್ತೀನಿ ಅಂದಿದ್ದಾರೆ. ಅವರು ಬೇಡ ಅಂದರೆ ತಮಗೇ ಮೊದಲು ಫೋನ್ ಮಾಡ್ತೀನಿ." ಅವರ ನಂಬರು ಕೇಳಿದೆ. ಕೈಲಿದ್ದ ಪೆನ್ನು ಬರೆಯಲಿಲ್ಲ. ಒಳಗೆ ಹೋಗಿ ಇನ್ನೊಂದು ಪೆನ್ನು ತಂದು, ಒಂದೊಂದೇ ಅಂಕಿ ಓದಿ ಹೇಳಿ ಖಾತ್ರಿ ಮಾಡಿಕೊಂಡು ಬರೆದುಕೊಂಡೆ. ಮಾಡುವುದಿಲ್ಲ ಅಂತ ಗೊತ್ತಿದ್ದ ಫೋನಿಗೆ ಅಷ್ಟು ಶ್ರದ್ಧೆ!

ಗೇಟಿನ ತನಕ ಹೋಗಿ ಬೀಳ್ಕೊಟ್ಟೆ. ಹೆಲ್ಮೆಟ್ಟು ಹಾಕಿಕೊಳ್ಳುವ ಮುಂಚೆ ಅವರು ಒಂದು ನಿಮಿಷ ನಿಂತರು. "ತಪ್ಪು ತಿಳಿಯಬೇಡಿ, ಒಂದು ಮಾತು ಕೇಳ್ತೀನಿ. ನೀವು ಹೇಳಿದ ಆ ಇನ್ನೊಬ್ಬರು ನಿಜವಾಗಲೂ ಇದ್ದಾರಾ? ಇದ್ದರೆ ನಾಳೆ ತನಕ ಕಾಯ್ತೀನಿ. ಇಲ್ಲ ಅಂದರೆ ಹೇಳಿಬಿಡಿ, ಕತ್ತಲಾಗೋದ್ರೊಳಗೆ ಇನ್ನೆರಡು ಮನೆ ನೋಡಬಹುದು."

"ಇದ್ದಾರೆ" ಅಂದೆ.

ಯಾರೂ ಇರಲಿಲ್ಲ. ಆದರೆ ಈ ಬರಹ ಬರೆಯುವುದಕ್ಕೆ ಕಾರಣ ಆ ಸುಳ್ಳೊಂದೇ ಆಗಿದ್ದರೆ ಅದನ್ನು ನುಂಗಿಕೊಂಡು ಸುಮ್ಮನಿರುತ್ತಿದ್ದೆ. ಕಾರಣ ಆ ರಾತ್ರಿಯದು. ಮಲಗುವಾಗ ನನಗೆ ನಾಚಿಕೆ ಆಗಲಿಲ್ಲ, ಒಂದು ಬಗೆಯ ಸಮಾಧಾನವಾಯಿತು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಕೆಲಸ ಮುಗಿಸಿದ್ದೆ. ಅವರಿಗೆ ನೋವಾಗದ ಹಾಗೆ ಮಾತಾಡಿದೆನಲ್ಲ ಅಂತ ಒಳಗೊಳಗೇ ಬೆನ್ನು ತಟ್ಟಿಕೊಂಡೆ. ಮನೆಯಲ್ಲೂ ಅದನ್ನೇ ಅಂದರು: "ಪಾಪ, ಎಷ್ಟು ಚೆನ್ನಾಗಿ ಹೇಳಿ ಕಳಿಸಿದ್ರಿ."

ಯಾವ ಹೆಸರು ಅಂತ ಇಲ್ಲಿ ಬರೆಯುವುದಿಲ್ಲ. ಬರೆದರೆ ಓದುವವರಲ್ಲಿ ಅರ್ಧ ಜನ ನನ್ನನ್ನು ಬೈಯುತ್ತಾರೆ, ಇನ್ನರ್ಧ ಜನ ನನ್ನ ಪರ ವಾದಿಸುತ್ತಾರೆ. ಇಬ್ಬರಿಗೂ ತಂತಮ್ಮ ಗೇಟಿನ ನೆನಪು ತಪ್ಪಿಹೋಗುತ್ತದೆ. ನೀವು ಯಾವ ಹೆಸರು ಕೇಳಿದರೆ "ತಾವು" ಅನ್ನುತ್ತೀರೋ ಆ ಹೆಸರನ್ನೇ ಅಲ್ಲಿಟ್ಟುಕೊಂಡು ಓದಿ.

ಸೌಜನ್ಯವೂ ಅಸಹನೆಯೂ ಒಂದೇ ಮನುಷ್ಯನಲ್ಲಿ ಒಟ್ಟಿಗೆ ಬಾಳಬಲ್ಲವಾ ಅನ್ನುವ ಪ್ರಶ್ನೆಗೆ ನಮ್ಮಲ್ಲಿ ಸಿದ್ಧ ಉತ್ತರ ಒಂದಿದೆ: ಬಾಯಲ್ಲಿ ಬಸಪ್ಪ, ಹೊಟ್ಟೆಯಲ್ಲಿ ವಿಷಪ್ಪ. ಅಂದರೆ ಎರಡರಲ್ಲಿ ಒಂದು ವೇಷ, ಇನ್ನೊಂದು ನಿಜ. ಗಾದೆ ಚೆನ್ನಾಗಿದೆ. ಆದರೆ ಅವತ್ತಿನ ನನ್ನ ವಿಷಯದಲ್ಲಿ ಅದು ಸರಿಹೊಂದುವುದಿಲ್ಲ. ಹೆಸರು ಕೇಳುವ ಮೊದಲು ಎಳೆದು ಕೊಟ್ಟ ಕುರ್ಚಿ ನಿಜವಾದದ್ದೇ. ಹೆಸರು ಕೇಳಿದ ಮೇಲೆ ಅವರಿಗೆ ಬೇಜಾರಾಗಬಾರದು ಅಂತ ನನಗಿದ್ದ ಕಾಳಜಿಯೂ ನಿಜವಾದದ್ದೇ. ಯಾರಾದರೂ ಅವರಿಗೆ ನನ್ನೆದುರು ಬೈದಿದ್ದರೆ ನಾನೇ ಅಡ್ಡ ಬರುತ್ತಿದ್ದೆ. ಅವರು ನಮ್ಮ ಮಹಡಿಯ ಮೇಲೆ ಬೇಡ ಅನ್ನುವುದೂ ಅಷ್ಟೇ ನಿಜ. ಒಳಗೆ ಜಗಳವೇ ಇರಲಿಲ್ಲ. ಒಂದು ಇನ್ನೊಂದಕ್ಕೆ ನೆರವಾಗುತ್ತಿತ್ತು. ಸೌಜನ್ಯ ಇಲ್ಲದಿದ್ದರೆ "ನಿಮ್ಮವರಿಗೆ ಕೊಡೋದಿಲ್ಲ" ಅಂತ ಬಾಯಿಬಿಟ್ಟು ಹೇಳಬೇಕಾಗುತ್ತಿತ್ತು, ಆ ಮಾತು ನನ್ನ ಕಿವಿಗೇ ಬೀಳುತ್ತಿತ್ತು, ಆಗ ಬಹುಶಃ ನಾನು ಬೆಚ್ಚಿಬೀಳುತ್ತಿದ್ದೆ. ಮೆದು ಮಾತು ಮೊದಲು ಕಾಪಾಡಿದ್ದು ನನ್ನನ್ನು.

ಸಭ್ಯ ಅನ್ನುವ ಪದವನ್ನೇ ನೋಡಿ. ಸಭೆಗೆ ತಕ್ಕವನು ಸಭ್ಯ. ಸಭೆಯೊಳಗೆ ಕೂತವರು ಹೇಗೆ ಮಾತಾಡಬೇಕು, ಯಾರ ಮಾತಿನ ನಡುವೆ ಬಾಯಿ ಹಾಕಬಾರದು, ಆಕಳಿಕೆ ಬಂದರೆ ಏನು ಮಾಡಬೇಕು ಅನ್ನುವುದಕ್ಕೆಲ್ಲ ಈ ಪದದಲ್ಲಿ ಜಾಗವಿದೆ. ಸಭೆಯ ಬಾಗಿಲಲ್ಲಿ ಯಾರನ್ನು ತಡೆಯಬೇಕು ಅನ್ನುವುದರ ಬಗ್ಗೆ ಅದು ಚಕಾರ ಎತ್ತುವುದಿಲ್ಲ. ಅದು ಬೇರೆ ಇಲಾಖೆ. ಅದಕ್ಕೇ ಅತ್ಯಂತ ಸಭ್ಯವಾದ ಸಭೆಯೊಂದು ಅತ್ಯಂತ ಬಿಗಿಯಾದ ಬಾಗಿಲನ್ನು ಇಟ್ಟುಕೊಂಡಿರುವುದರಲ್ಲಿ ಪದದ ಲೆಕ್ಕದಲ್ಲಿ ವಿರೋಧವೇ ಇಲ್ಲ. ಸಹಿಷ್ಣುತೆಯ ಪರವಾಗಿ ವಾದಿಸಿದವರ ಬಾಗಿಲಿಗೂ ಅಗುಳಿ ಇತ್ತು. 1689ರಲ್ಲಿ ಪ್ರಕಟವಾದ, ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಲಾಕ್‌ನ ಪತ್ರವನ್ನು ಧಾರ್ಮಿಕ ಸಹಿಷ್ಣುತೆಯ ಮೂಲ ಬರಹಗಳಲ್ಲಿ ಒಂದು ಅಂತ ಇವತ್ತಿಗೂ ಓದುತ್ತಾರೆ. ಆತ್ಮದ ಉಸಾಬರಿ ಸರ್ಕಾರದ ಕೆಲಸವಲ್ಲ ಅಂತ ಎಷ್ಟು ಸಾವಧಾನವಾಗಿ ಅದರಲ್ಲಿ ವಾದಿಸುತ್ತಾನೆ! ಹಾಗೆ ವಾದಿಸುತ್ತಲೇ, ದೇವರನ್ನು ನಂಬದವರ ಆಣೆ ಪ್ರಮಾಣಗಳಿಗೆ ಬೆಲೆಯಿಲ್ಲ, ಅವರನ್ನು ಸಹಿಸಬೇಕಾಗಿಲ್ಲ ಅಂತಲೂ ಹೇಳಿ ಮುಂದಕ್ಕೆ ಹೋಗುತ್ತಾನೆ. ದನಿ ಬದಲಾಗುವುದಿಲ್ಲ.

ಕನ್ನಡದಲ್ಲಿ ಹುಟ್ಟಿ ಬೆಳೆದವರಿಗೆ ಈ ವಿಷಯದಲ್ಲಿ ಒಂದು ಅನುಕೂಲವಿದೆ. ಬಿಸಿ ಎಷ್ಟು, ತಂಪು ಎಷ್ಟು ಅಂತ ಅಳೆಯುವುದಕ್ಕೆ ನಮ್ಮ ಸರ್ವನಾಮಗಳೇ ಸಾಕು. ನೀನು, ನೀವು, ತಾವು. ಶಾಲೆಯಲ್ಲಿ ಇದನ್ನು ಗೌರವದ ಮೂರು ಮೆಟ್ಟಿಲು ಅಂತ ಹೇಳಿಕೊಟ್ಟಿದ್ದರು. ದೊಡ್ಡವರಾದ ಮೇಲೆ ಗೊತ್ತಾಗುತ್ತದೆ, ಅದು ದೂರದ ಮೂರು ಮೈಲಿಗಲ್ಲೂ ಹೌದು. ಅಣ್ಣ ತಮ್ಮ ಕೂಗಾಡುತ್ತಿರುತ್ತಾರೆ: ನೀನು ಹಾಗೆ ಮಾಡಿದೆ, ನೀನು ಹೀಗೆ ಮಾಡಿದೆ. ಪಕ್ಕದ ಕೋಣೆಯಲ್ಲಿ ಕೂತವರು ಅಷ್ಟೇನೂ ತಲೆ ಕೆಡಿಸಿಕೊಳ್ಳುವುದಿಲ್ಲ. ಇದ್ದಕ್ಕಿದ್ದಂತೆ ಒಬ್ಬ ದನಿ ಇಳಿಸಿ "ಆಯ್ತು, ನೀವು ಹೇಳಿದ ಹಾಗೇ ಆಗಲಿ" ಅನ್ನುತ್ತಾನೆ. ಆಗ ಎಲ್ಲರೂ ಎದ್ದು ಬರುತ್ತಾರೆ. ಏಕವಚನ ಬಹುವಚನಕ್ಕೆ ತಿರುಗಿದ ಆ ಕ್ಷಣಕ್ಕೆ ಜಗಳ ಮುಗಿದು, ಅದಕ್ಕಿಂತ ಕೆಟ್ಟದ್ದು ಶುರುವಾಗಿರುತ್ತದೆ.

ನನ್ನನ್ನೇ ಅಳೆದು ನೋಡಿಕೊಂಡೆ. ನನ್ನ ತಂಗಿಯ ರಾಜಕೀಯ ನನಗೆ ಒಂದಿಷ್ಟೂ ಆಗುವುದಿಲ್ಲ. ಅವಳಿಗೆ ನನ್ನದು ಆಗುವುದಿಲ್ಲ. ಫೋನಿನಲ್ಲಿ ಕಿತ್ತಾಡುತ್ತೇವೆ, "ನಿನ್ನ ತಲೆ" ಅಂತ ಇಡುತ್ತೇವೆ, ಮಾರನೇ ದಿನ ಮತ್ತೆ ಮಾಡುತ್ತೇವೆ. ಅವಳ ಜೊತೆ ನಾನು ಸೌಜನ್ಯದಿಂದ ನಡೆದುಕೊಂಡದ್ದು ನೆನಪೇ ಇಲ್ಲ. ಅದೇ ರಾಜಕೀಯದ ಸಹೋದ್ಯೋಗಿಯೊಬ್ಬರಿದ್ದಾರೆ. ಅವರ ಜೊತೆ ಒಂದು ಗಡುಸು ಮಾತಾಡಿದವನೂ ಅಲ್ಲ. "ನಿಮ್ಮ ದೃಷ್ಟಿಕೋನವೂ ಇರಬಹುದು ಬಿಡಿ" ಅಂತ ನಗುತ್ತೇನೆ. ಅವರನ್ನು ಒಂದು ಕೆಲಸದ ತಂಡಕ್ಕೆ ಸೇರಿಸಿಕೊಳ್ಳುವ ಮಾತು ಬಂದಾಗ ನಾನೇ ಬೇರೆ ಹೆಸರು ಸೂಚಿಸಿದೆ, ಅದೂ ಅವರನ್ನು ನಾಲ್ಕು ಮಾತು ಹೊಗಳಿದ ಮೇಲೆ. ಇದರಲ್ಲಿ ಯಾರನ್ನು ನಾನು ಸಹಿಸುತ್ತಿದ್ದೇನೆ? ನನಗೆ ಆಗದವರ ಜೊತೆ ನಾನು ಹೆಚ್ಚು ಮರ್ಯಾದೆಯಿಂದ ಇರುತ್ತೇನೆ ಅನ್ನುವುದು ನಲವತ್ತು ದಾಟಿದ ಮೇಲೆ ನನಗೇ ತಿಳಿದ ಸಂಗತಿ, ತಿಳಿದು ಖುಷಿಯಾದದ್ದೇನಲ್ಲ.

ಇದನ್ನು ಪರೀಕ್ಷೆ ಮಾಡಿ ನೋಡಿದವರೊಬ್ಬರಿದ್ದಾರೆ. ರಿಚರ್ಡ್ ಲಾಪಿಯರ್ ಅಂತ, ಅಮೆರಿಕದ ಸಮಾಜಶಾಸ್ತ್ರಜ್ಞ. 1930ರ ದಶಕದ ಆರಂಭದಲ್ಲಿ ಆತ ಒಬ್ಬ ಚೀನೀ ಯುವಕ ಮತ್ತು ಅವನ ಹೆಂಡತಿಯ ಜೊತೆ ಕಾರಿನಲ್ಲಿ ಸುಮಾರು ಹತ್ತು ಸಾವಿರ ಮೈಲಿ ದೇಶ ಸುತ್ತಿದರು. ಚೀನೀ ಕೂಲಿಗಳು ಒಳಗೆ ಬರದಂತೆ ಅಲ್ಲಿ 1882ರಲ್ಲಿ ಮಾಡಿದ್ದ ಕಾನೂನು ಆಗಿನ್ನೂ ಜಾರಿಯಲ್ಲಿತ್ತು. ಅದು ರದ್ದಾದದ್ದು 1943ರಲ್ಲಿ. ಅಂಥ ಕಾಲ. ಎಲ್ಲೆಲ್ಲಿ ಬಾಗಿಲು ಮುಚ್ಚುತ್ತಾರೋ ಅಂತ ಲಾಪಿಯರ್ ಅಂಜಿಕೊಂಡೇ ಹೊರಟಿದ್ದರು. ಸಾಧ್ಯವಾದಾಗಲೆಲ್ಲ ತಾವು ಸಾಮಾನು ಇಳಿಸುವ ನೆವದಲ್ಲಿ ಹಿಂದುಳಿದು, ಆ ದಂಪತಿಯನ್ನೇ ಕೌಂಟರಿಗೆ ಮುಂದೆ ಕಳಿಸುತ್ತಿದ್ದರು. ಹೋಟೆಲು, ವಸತಿಗೃಹ ಎಲ್ಲ ಸೇರಿ 251 ಕಡೆ ಹೋದರು. ಇಲ್ಲ ಅನ್ನಿಸಿಕೊಂಡದ್ದು ಒಂದೇ ಒಂದು ಕಡೆ.

ಆರು ತಿಂಗಳು ಬಿಟ್ಟು ಅದೇ ಜಾಗಗಳಿಗೆ ಕಾಗದ ಬರೆದು ಕೇಳಿದರು: ನೀವು ಚೀನೀ ಜನರನ್ನು ಗಿರಾಕಿಗಳಾಗಿ ಒಳಗೆ ಬಿಟ್ಟುಕೊಳ್ಳುತ್ತೀರಾ? 128 ಉತ್ತರ ಬಂದವು. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನ "ಇಲ್ಲ" ಅಂದಿದ್ದರು. 1934ರಲ್ಲಿ ಇದು ಪ್ರಕಟವಾಯಿತು. ಕಾಗದಕ್ಕೆ ಉತ್ತರ ಬರೆದವರೂ ಅವತ್ತು ಕೌಂಟರಿನಲ್ಲಿ ನಿಂತವರೂ ಒಬ್ಬರೇ ಅನ್ನುವುದಕ್ಕೆ ಖಾತ್ರಿಯಿಲ್ಲ, ಜೊತೆಗೊಬ್ಬ ಬಿಳಿಯ ಇದ್ದ ಅಂತ ಆಮೇಲಿನವರು ತಕರಾರು ತೆಗೆದರು. ತಕರಾರು ಸರಿಯಾದದ್ದೇ. ಒಳ್ಳೆಯ ಬಟ್ಟೆ, ನೀಟಾದ ಪೆಟ್ಟಿಗೆ, ಆ ದಂಪತಿಯ ನಗು, ಇವೆಲ್ಲ ಕೆಲಸ ಮಾಡಿದವು ಅಂತ ಲಾಪಿಯರ್ ಅವರೇ ಗುರುತಿಸಿದ್ದರು.

ಪಠ್ಯಪುಸ್ತಕಗಳು ಇದರಿಂದ ತೆಗೆಯುವ ಪಾಠ, ಜನ ಹೇಳುವುದೊಂದು ಮಾಡುವುದೊಂದು ಅಂತ. ನನಗೆ ಇದರಲ್ಲಿ ಕಾಣುವುದು ಮುಖ ಮತ್ತು ಕಾಗದದ ವ್ಯತ್ಯಾಸ. ಎದುರಿಗೆ ನಿಂತು ನಗುತ್ತಿರುವವರ ಮುಖಕ್ಕೆ ಇಲ್ಲ ಅನ್ನುವುದು ಕಷ್ಟ. ಸೌಜನ್ಯದ ಅಭ್ಯಾಸ ಇದ್ದವರಿಗೆ ಇನ್ನೂ ಕಷ್ಟ. ಕಾಗದಕ್ಕೆ ಮುಖವಿಲ್ಲ. ಅಂದರೆ ಆ ಹೋಟೆಲುಗಳಲ್ಲಿ ಮನಸ್ಸಿನ ಅಸಹನೆಯನ್ನು ದೇಹದ ಅಭ್ಯಾಸ ಗೆದ್ದಿತ್ತು. ಸೌಜನ್ಯವನ್ನು ಬೈಯುತ್ತಾ ಹೊರಟ ನನಗೆ ಇದು ಇಕ್ಕಟ್ಟಿನ ಜಾಗ. ಬರೀ ಮೇಲ್ಪದರದ್ದು ಅಂತ ನಾವು ಅಂದುಕೊಳ್ಳುವ ಸೌಜನ್ಯದಿಂದಲೇ ಆ ಇಬ್ಬರಿಗೆ ರಾತ್ರಿ ಮಲಗಲು ಜಾಗ ಸಿಕ್ಕಿತು. "ರೂಮು ಭರ್ತಿ" ಅನ್ನುವ ಸುಳ್ಳು ಆ ಮಾಲೀಕರಿಗೂ ಕೈಗೆಟುಕುವಷ್ಟು ಹತ್ತಿರವೇ ಇತ್ತು. ಅವರು ಅದನ್ನು ಎತ್ತಿಕೊಳ್ಳಲಿಲ್ಲ. ನಾನು ಎತ್ತಿಕೊಂಡೆ. ಒಂದು ರಾತ್ರಿಯ ಅತಿಥಿಗೂ ವರ್ಷಗಟ್ಟಲೆ ತಲೆಯ ಮೇಲೆ ನಡೆದಾಡುವ ಬಾಡಿಗೆದಾರರಿಗೂ ವ್ಯತ್ಯಾಸ ಇದೆ ಅಂತ ನನ್ನ ಪರವಾಗಿ ನಾನೇ ವಾದಿಸಿಕೊಂಡು ನೋಡಿದ್ದೇನೆ. ವಾದ ಅಷ್ಟಾಗಿ ನಿಲ್ಲುವುದಿಲ್ಲ.

ಕಾಗದದ ಅಸಹನೆ ಇನ್ನೂ ನುಣುಪಾಗಬಲ್ಲದು. 2004ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಮೇರಿಯಾನ್ ಬರ್ಟ್ರಾಂಡ್ ಮತ್ತು ಸೆಂಧಿಲ್ ಮುಲ್ಲೈನಾಥನ್ ಅನ್ನುವ ಅರ್ಥಶಾಸ್ತ್ರಜ್ಞರು ಬಾಸ್ಟನ್, ಶಿಕಾಗೋಗಳ ಕೆಲಸದ ಜಾಹೀರಾತುಗಳಿಗೆ ಸುಮಾರು 5,000 ಕಲ್ಪಿತ ಅರ್ಜಿ ಕಳಿಸಿದರು. ಕೆಲವಕ್ಕೆ ಎಮಿಲಿ, ಗ್ರೆಗ್ ಥರದ ಹೆಸರು, ಕೆಲವಕ್ಕೆ ಲಕೀಶಾ, ಜಮಾಲ್ ಥರದ, ಅಂದರೆ ಕರಿಯರದು ಅಂತ ಕೇಳಿದ ಕೂಡಲೇ ಹೊಳೆಯುವ ಹೆಸರು. ಬಿಳಿಯರ ಹೆಸರಿನ ಅರ್ಜಿಗಳಿಗೆ ಸಂದರ್ಶನದ ಕರೆ ಶೇಕಡಾ 50ರಷ್ಟು ಹೆಚ್ಚಾಗಿ ಬಂತು. ಕರೆ ಬಾರದ ಅರ್ಜಿಗಳಿಗೆ ಯಾರೂ ಅವಮಾನದ ಮಾತು ಬರೆದು ಕಳಿಸಬೇಕಾಗಿರಲಿಲ್ಲ. ಫೋನು ಮಾಡದಿದ್ದರೆ ಸಾಕು. ಆ ಭಾಗ ಓದುವಾಗ ನನಗೆ ನನ್ನ ಎರಡನೇ ಪೆನ್ನು ನೆನಪಾಯಿತು.

ಒಬ್ಬ ಗೆಳೆಯನ ಮುಂದೆ ಇದನ್ನೆಲ್ಲ ಹೇಳಿಕೊಂಡಾಗ ಆತ ಅಡ್ಡ ಪ್ರಶ್ನೆ ಹಾಕಿದ. "ಮನಸ್ಸಿನಲ್ಲಿ ಇಷ್ಟವಿಲ್ಲದೇ ಇದ್ದರೆ ಅದು ಅಸಹನೆ ಹೇಗಾಗುತ್ತೆ? ಇಷ್ಟವಿದ್ದದ್ದನ್ನು ಯಾರಾದರೂ ಸಹಿಸ್ತಾರಾ?" ಮಾತು ಸರಿ. ಸಹಿಸು ಅಂದರೆ ಹೊರು, ತಾಳು. ಇಂಗ್ಲಿಷಿನ ಟಾಲರೆನ್ಸ್ ಅನ್ನುವ ಪದಕ್ಕೂ ಲ್ಯಾಟಿನ್ನಿನ ಮೂಲದಲ್ಲಿ ಅರ್ಥ ಹೊರುವುದೇ. ಭಾರ ಇದ್ದರೆ ತಾನೆ ಹೊರುವ ಮಾತು? ಎಲ್ಲರ ಎಲ್ಲವೂ ಇಷ್ಟವಾಗುವ ಮನುಷ್ಯನಿಗೆ ಸಹನೆಯ ಅಗತ್ಯವೇ ಬೀಳುವುದಿಲ್ಲ. ಹಾಗೆ ನೋಡಿದರೆ ಹೊಟ್ಟೆಯಲ್ಲಿ ಕಸಿವಿಸಿ ಇಟ್ಟುಕೊಂಡೂ ನಾನು ಆ ಸಂಜೆ ಮಹಡಿಯ ಕೀಲಿಕೈ ಕೊಟ್ಟಿದ್ದರೆ, ಆ ಕಸಿವಿಸಿಗಾಗಿ ಯಾರೂ ನನ್ನನ್ನು ಅಸಹಿಷ್ಣು ಅನ್ನುವಂತಿರಲಿಲ್ಲ. ಮನಸ್ಸಿನ ಕಸಿವಿಸಿ ಬೇಕೆಂದಾಗ ಹೋಗುವಂಥದ್ದಲ್ಲ, ಅದನ್ನು ಅಜ್ಜನ ಕಾಲದಿಂದ ಹೊತ್ತುಕೊಂಡು ಬಂದಿರುತ್ತೇವೆ. ಕೀಲಿಕೈ ಮಾತ್ರ ಆ ಸಂಜೆ ನನ್ನ ಜೇಬಿನಲ್ಲಿತ್ತು. "ಹಾಗಾದರೆ ಸೌಜನ್ಯದ್ದು ಇದರಲ್ಲಿ ಏನೂ ಪಾತ್ರವಿಲ್ಲ ಅಂತಾಯ್ತು" ಅಂದ ಗೆಳೆಯ. ಇಲ್ಲಿ ನಾನು ಒಪ್ಪಲಿಲ್ಲ. ಕೀಲಿಕೈ ಕೊಡದೆ ಇದ್ದದ್ದನ್ನು ನನ್ನ ಕಣ್ಣಿನಿಂದಲೇ ಮರೆಮಾಡಿದ್ದು ಅದೇ ಅಲ್ಲವಾ.

ಇದಕ್ಕೆ ಉಲ್ಟಾ ಇದ್ದ ಒಬ್ಬರನ್ನು ನಾನು ಬಲ್ಲೆ. ಹಳೆಯ ಆಫೀಸಿನಲ್ಲಿ ಹಿರಿಯ ಗುಮಾಸ್ತರು. ಬಾಯಿ ತೆಗೆದರೆ ಏಕವಚನ. ಯಾರ ದೇವರನ್ನೂ ಬಿಟ್ಟವರಲ್ಲ, ಎಲ್ಲರ ನಂಬಿಕೆಗೂ ಒಂದೊಂದು ಕುಹಕ ತಯಾರಿರುತ್ತಿತ್ತು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗನ ಪಕ್ಕ ಕೂರುವುದಕ್ಕೆ ನಮ್ಮಲ್ಲಿ ಯಾರಿಗೂ ಮನಸ್ಸಿರಲಿಲ್ಲ. ಯಾರೂ ಬಾಯಿಬಿಟ್ಟು ಹೇಳಲಿಲ್ಲ ಅನ್ನಿ, ಎಲ್ಲರಿಗೂ ಒಂದೊಂದು ಸಭ್ಯ ಕಾರಣ ಇತ್ತು: ಒಬ್ಬರಿಗೆ ಕಿಟಕಿಯ ಬೆಳಕು ಬೇಕು, ಇನ್ನೊಬ್ಬರಿಗೆ ಬೆನ್ನುನೋವು. ಮೂರನೇ ದಿನ ಈ ಗುಮಾಸ್ತರು ತಮ್ಮ ಮೇಜನ್ನು ತಾವೇ ಕರಕರ ಎಳೆದುಕೊಂಡು ಹೋಗಿ ಆ ಹುಡುಗನ ಪಕ್ಕ ಹಾಕಿದರು. "ಏನಯ್ಯಾ, ಆ ಕಡೆ ಕೂತವರದೆಲ್ಲ ಮೂಗು ಉದ್ದ, ನನಗೆ ಜಾಗ ಸಾಲೋದಿಲ್ಲ." ಆ ಮೇಜಿನ ಕಾಲು ನೆಲದ ಮೇಲೆ ಗೀರಿದ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ.

ಕಥೆ ಇಲ್ಲಿಗೇ ನಿಲ್ಲಿಸಿದರೆ ಚೆಂದ. ಆದರೆ ವರ್ಷಗಳ ಮೇಲೆ ಆ ಹುಡುಗನೇ, ಈಗ ಹುಡುಗನಲ್ಲ, ನನಗೆ ಹೇಳಿದ: "ಅವರು ಪಕ್ಕ ಬಂದು ಕೂತದ್ದು ಮರೆಯೋದಿಲ್ಲ. ಅವರ ಜೋಕುಗಳನ್ನೂ ಮರೆಯೋದಿಲ್ಲ. ಒಂದೊಂದು ದಿನ ನಿಮ್ಮೆಲ್ಲರ ಮೌನವೇ ವಾಸಿ ಅನ್ನಿಸ್ತಿತ್ತು." ಹಾಗಾಗಿ ಒರಟುತನವನ್ನು ಪ್ರಾಮಾಣಿಕತೆ ಅಂತ ಮೆರೆಸುವವರ ಜೊತೆ ನಾನು ಸೇರುವುದಿಲ್ಲ. "ನಾನು ನೇರ ಮನುಷ್ಯ, ಇದ್ದದ್ದು ಇದ್ದ ಹಾಗೆ ಹೇಳ್ತೀನಿ" ಅನ್ನುವವರಲ್ಲಿ ಬಹಳ ಜನ ಆ ನೇರವನ್ನು ತಮಗಿಂತ ಕೆಳಗಿನವರ ಕಡೆಗೆ ಮಾತ್ರ ಹಿಡಿದಿರುತ್ತಾರೆ. ಒರಟೂ ಅಸಹನೆಯೂ ಒಟ್ಟಿಗೇ ಇರುವ ಜನ ಬೇಕಾದಷ್ಟಿದ್ದಾರೆ. ಅವರ ಬಗ್ಗೆ ಬರೆಯಲು ಏನೂ ಇಲ್ಲ, ಎಲ್ಲ ಹೊರಗೇ ಕಾಣುತ್ತದೆ.

ಸೌಜನ್ಯದ ಬಗ್ಗೆ ಕನ್ನಡದಲ್ಲಿ ಎಲ್ಲರಿಗೂ ಬಾಯಿಗೆ ಬರುವ ಮಾತು ಬಸವಣ್ಣನವರದು: ಅಯ್ಯಾ ಎಂದಡೆ ಸ್ವರ್ಗ, ಎಲವೋ ಎಂದಡೆ ನರಕ. ಅದೇ ಬಸವಣ್ಣನವರ ಇನ್ನೊಂದು ವಚನ "ಇವನಾರವ ಇವನಾರವ" ಅಂತ ಶುರುವಾಗುವಂಥದ್ದು. ಎರಡನ್ನೂ ನಾನು ಚಿಕ್ಕಂದಿನಲ್ಲಿ ಕಂಠಪಾಠ ಸ್ಪರ್ಧೆಯಲ್ಲಿ ಹೇಳಿ ಬಹುಮಾನ ತೆಗೆದುಕೊಂಡವನು. ಎರಡನೆಯದನ್ನು ಹೇಳುವಾಗ ನನ್ನ ಮನಸ್ಸಿನಲ್ಲಿದ್ದ ಚಿತ್ರ ಹೀಗಿತ್ತು: ನಾನು ಮನೆಯ ಯಜಮಾನ, ಬಾಗಿಲಲ್ಲಿ ನಿಂತಿದ್ದೇನೆ, ಬಂದವರನ್ನು ಯಾರು ಏನು ಅಂತ ಕೇಳದೆ "ಇವ ನಮ್ಮವ" ಅಂತ ದೊಡ್ಡ ಮನಸ್ಸಿನಿಂದ ಒಳಗೆ ಕರೆಯುತ್ತಿದ್ದೇನೆ. ಬಾಡಿಗೆಯ ಆ ಘಟನೆ ಆದ ಎಷ್ಟೋ ತಿಂಗಳ ಮೇಲೆ ವಚನದ ವ್ಯಾಕರಣ ಕಣ್ಣಿಗೆ ಬಿತ್ತು. ಅದರಲ್ಲಿರುವುದು "ಎನ್ನದಿರು" ಅಲ್ಲ, "ಎಂದೆನಿಸದಿರಯ್ಯಾ". ಯಾರವನು ಇವನು ಅಂತ ನನ್ನನ್ನು ಅನ್ನಿಸಬೇಡ, ನಮ್ಮವನು ಅಂತ ಅನ್ನಿಸು, ನಿಮ್ಮ ಮನೆಯ ಮಗ ಅಂತ ಅನ್ನಿಸು. ಬೇಡಿಕೊಳ್ಳುತ್ತಿರುವವನು ಹೊರಗೆ ನಿಂತಿದ್ದಾನೆ. ಹೆಸರು ಕೇಳಿದ ಮೇಲೆ ಮುಂದೇನಾಗುತ್ತದೋ ಅಂತ ಕಾಯುತ್ತಿರುವವನ ಮಾತು ಅದು. ಇಷ್ಟು ವರ್ಷ ನಾನು ಅದನ್ನು ಒಳಗಿನಿಂದ ಹೇಳುತ್ತಾ ಬಂದಿದ್ದೆ.

ಹೊರಗೆ ನಿಂತವರ ಸೌಜನ್ಯದ ಬಗ್ಗೆ ಯೋಚಿಸಿದಾಗ 1963ರ ಏಪ್ರಿಲ್ ತಿಂಗಳ ಎರಡು ಪತ್ರಗಳನ್ನು ಬಿಟ್ಟು ಮುಂದೆ ಹೋಗಲಾರೆ. ಅಮೆರಿಕದ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್ ನಗರ. ವರ್ಣಭೇದದ ವಿರುದ್ಧ ಬೀದಿಗಿಳಿದಿದ್ದ ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಏಪ್ರಿಲ್ 12ರಂದು ಬಂಧಿಸಿದರು. ಅದೇ ತಾರೀಖಿನ ಹೇಳಿಕೆಯೊಂದರಲ್ಲಿ ಎಂಟು ಜನ ಬಿಳಿಯ ಧರ್ಮಗುರುಗಳು, ಈ ಪ್ರತಿಭಟನೆಗಳು ವಿವೇಕದ್ದೂ ಅಲ್ಲ ಸಕಾಲಿಕವೂ ಅಲ್ಲ, ಮಾತುಕತೆಯಲ್ಲಿ, ನ್ಯಾಯಾಲಯದಲ್ಲಿ ಬಗೆಹರಿಸಿಕೊಳ್ಳಿ ಅಂದರು. ಈ ಎಂಟು ಜನ ಖಳರೇನಲ್ಲ. ಅವರಲ್ಲಿ ಹೆಚ್ಚಿನವರು ಅದೇ ವರ್ಷದ ಜನವರಿಯಲ್ಲಿ, ವರ್ಣಭೇದ ಬಿಡೆವು ಅನ್ನುವವರಿಗೆ ಕಾನೂನು ಪಾಲಿಸಿ ಅಂತ ಬುದ್ಧಿ ಹೇಳಿದ್ದರು. ಸಭ್ಯರು. ಹೇಳಿಕೆಯಲ್ಲಿ ಒಂದು ಬೈಗುಳವಿಲ್ಲ. ಕೇಳುವ ರೀತಿ ಸರಿಯಿಲ್ಲ ಅನ್ನುವುದಷ್ಟೇ ಅವರ ಮಾತು. ಬಾಗಿಲು ಮುಚ್ಚಿಟ್ಟವರ ಪರವಾಗಿ, ಬಾಗಿಲು ಬಡಿಯುವ ಸದ್ದು ಜಾಸ್ತಿಯಾಯಿತು ಅಂತ ಹೇಳುವ ದನಿ ಇದೆಯಲ್ಲ, ಅದನ್ನು ನಾನು ಚೆನ್ನಾಗಿ ಬಲ್ಲೆ. ಮನೆಯಲ್ಲಿ, ಆಫೀಸಿನಲ್ಲಿ ಎಷ್ಟೋ ಸಲ ನಾನೇ ಆ ದನಿಯಲ್ಲಿ ಮಾತಾಡಿದ್ದೇನೆ.

ಜೈಲಿನಲ್ಲಿ ಆ ಹೇಳಿಕೆ ಅಚ್ಚಾಗಿದ್ದ ಪತ್ರಿಕೆಯ ಅಂಚುಗಳಲ್ಲೇ ಕಿಂಗ್ ಉತ್ತರ ಬರೆಯಲು ಶುರುಮಾಡಿದರು. ಏಪ್ರಿಲ್ 16ರ ತಾರೀಖಿನ ಆ ಉತ್ತರ ಪ್ರೀತಿಯ ಸಹಧರ್ಮಗುರುಗಳೇ ಅನ್ನುವ ಸಂಬೋಧನೆಯಿಂದ ಆರಂಭವಾಗುತ್ತದೆ. ಬಿಳಿಯರಲ್ಲಿ ಮಧ್ಯಮಮಾರ್ಗದವರು, "ನಿಮ್ಮ ಗುರಿ ಒಪ್ಪುತ್ತೇವೆ, ದಾರಿ ಒಪ್ಪುವುದಿಲ್ಲ" ಅನ್ನುವವರು, ಬಹಿರಂಗ ದ್ವೇಷಿಗಳಿಗಿಂತ ದೊಡ್ಡ ಅಡ್ಡಿಯಾಗಿದ್ದಾರೆ ಅನ್ನುವ ಅತ್ಯಂತ ಕಟುವಾದ ಮಾತು ಬರುವುದೂ ಇದೇ ಪತ್ರದಲ್ಲಿ. ಎಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಕೊನೆಯ ಭಾಗ. ನನ್ನ ಮಾತಿನಲ್ಲಿ ಅತಿರೇಕವಿದ್ದರೆ, ಅಸಹನೆ ಮಿತಿಮೀರಿದ್ದರೆ ನೀವು ಕ್ಷಮಿಸಿ ಅಂತ ಆ ಗುರುಗಳನ್ನು ಕೇಳುತ್ತಾರೆ. ಸತ್ಯವನ್ನು ಕಡಿಮೆ ಮಾಡಿ ಹೇಳಿದ್ದರೆ, ಸೋದರತ್ವಕ್ಕಿಂತ ಕಡಿಮೆಯದಕ್ಕೆ ಒಪ್ಪಿಕೊಳ್ಳುವಷ್ಟು ಸಹನೆ ತೋರಿದ್ದರೆ ದೇವರು ಕ್ಷಮಿಸಲಿ ಅಂತ ಬೇಡುತ್ತಾರೆ.

ಕನ್ನಡದಲ್ಲಿ ಓದಿಕೊಂಡರೆ ಈ ಸಾಲುಗಳಿಗೆ ಇನ್ನೊಂದು ಅರ್ಥ ಸೇರಿಕೊಳ್ಳುತ್ತದೆ, ಯಾಕೆಂದರೆ ತಾಳ್ಮೆಗೂ ಸಹಿಷ್ಣುತೆಗೂ ನಾವು ದಿನಬಳಕೆಯಲ್ಲಿ ಒಂದೇ ಪದ ಇಟ್ಟುಕೊಂಡಿದ್ದೇವೆ. ಸಹನೆ. ಹಾಗಿದ್ದಮೇಲೆ ಅಸಹನೆಯೂ ಎರಡು ಬಗೆ. ಇನ್ನೊಬ್ಬರು ಇಲ್ಲಿರುವುದನ್ನೇ ತಾಳಲಾರದ ಅಸಹನೆ ಒಂದು. ತನ್ನ ಮುಖಕ್ಕೆ ಹೇಳುತ್ತಿರುವ ಸುಳ್ಳನ್ನು ಇನ್ನು ತಾಳಲಾರೆ ಅನ್ನುವ ಅಸಹನೆ ಇನ್ನೊಂದು. ಎರಡಕ್ಕೂ ಸೌಜನ್ಯದ ಜೊ‌ತೆ ಹೊಂದಿಕೊಂಡು ಹೋಗುವುದು ಗೊತ್ತು. ನಮ್ಮ ಗೇಟಿನ ಹತ್ತಿರ ಆ ಸಂಜೆ ನಿಂತಿದ್ದ ಇಬ್ಬರೂ ಸೌಜನ್ಯದಿಂದಲೇ ಮಾತಾಡಿದೆವು, ಇಬ್ಬರಲ್ಲೂ ಅಸಹನೆ ಇತ್ತು. ತಪ್ಪು ತಿಳಿಯಬೇಡಿ ಅಂತ ಇಬ್ಬರೂ ಒಂದೊಂದು ಥರದಲ್ಲಿ ಹೇಳಿದೆವು. ನನ್ನ ಮಾತು ಅವರ ಸಮಯ ಕಸಿಯಿತು. ಅವರ ಮಾತು ನನಗೆ ನಿಜ ಹೇಳುವ ಅವಕಾಶ ಕೊಟ್ಟಿತ್ತು, ಅದೂ ಎಷ್ಟು ಹಗುರವಾಗಿ! "ಇಲ್ಲ" ಅಂದಿದ್ದರೆ ಸಾಕಿತ್ತು. ಯಾಕೆ ಏನು ಅಂತ ಅವರು ಕೇಳುತ್ತಲೂ ಇರಲಿಲ್ಲ ಅನ್ನಿಸುತ್ತದೆ.

ಎರಡು ವಾರದಲ್ಲಿ ಮಹಡಿಗೆ ಬೇರೆಯವರು ಬಂದರು. ಹೆಸರು ಮೊದಲೇ ಕೇಳಿಕೊಂಡಿದ್ದೆ. ಅವರು ಮೊಳೆಗೆ ಅನುಮತಿ ಕೇಳಲಿಲ್ಲ. ಖಾಲಿ ಮಾಡಿಕೊಂಡು ಹೋದ ಮೇಲೆ ನೋಡಿದರೆ ಹಜಾರದ ಒಂದೇ ಗೋಡೆಯಲ್ಲಿ ಹದಿನಾಲ್ಕು ತೂತು.

ಆ ಹೆಲ್ಮೆಟ್ಟಿನವರನ್ನು ಆಮೇಲೆ ಒಮ್ಮೆ ನೋಡಿದೆ. ಯಾವುದೋ ಕಚೇರಿಯ ಸಾಲಿನಲ್ಲಿ ನನಗಿಂತ ಎರಡು ಜನ ಮುಂದೆ ಇದ್ದರು. ನಾನು ಫೋನಿನಲ್ಲಿ ಮುಖ ಹುದುಗಿಸಿದೆ. ಅವರೇ ತಿರುಗಿ ನೋಡಿ ಗುರುತು ಹಿಡಿದು ನಕ್ಕರು. ಕೆಲಸ ಮುಗಿಸಿಕೊಂಡು ಹೋಗುವಾಗ ನನ್ನ ಹತ್ತಿರ ಬಂದು ನಿಂತರು. "ಚೆನ್ನಾಗಿದ್ದೀರಾ ಸರ್? ತಮ್ಮ ಮನೆ ಮಹಡಿಗೆ ಒಳ್ಳೆ ಗಾಳಿ ಬರ್ತಿತ್ತು. ತಾವು ಅವತ್ತು ಬಹಳ ಮರ್ಯಾದೆಯಿಂದ ಮಾತಾಡಿಸಿದಿರಿ, ನೆನಪಿದೆ."

ಗೇಟಿನ ಹತ್ತಿರ ಅವರು ನನ್ನನ್ನು "ನೀವು" ಅಂದಿದ್ದರು.